ಗನ್ನಿಲ್ಲದವನು ಕೊಂಡ ಗುಂಡು: ಒಂದು ಪ್ರಕರಣ ಅಧ್ಯಯನ

ಇದು ನಡೆದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, 2013ರ ಜನವರಿ ಕೊನೆಯ ಒಂದು ಶನಿವಾರ. ಹೆಸರುಗಳು ನಿಜವಾದವಲ್ಲ. ಊರು ಹೇಳುವುದಿಲ್ಲ. ಕೆಲಸದ, ಮನೆಯ ವಿವರಗಳನ್ನು ಒಂದಿಷ್ಟು ಬದಲಾಯಿಸಿದ್ದೇನೆ. ಆ ಸಂಸಾರವನ್ನು ಕೇಳಿಯೇ ಬರೆಯುತ್ತಿದ್ದೇನೆ. ಇದರಲ್ಲಿ ಯಾರಿಗೂ ಗುಂಡು ತಗುಲಲಿಲ್ಲ, ಯಾರೂ ಜೈಲಿಗೆ ಹೋಗಲಿಲ್ಲ. ಆದರೆ ಜೈಲಿನ ಬಾಗಿಲು ಎಷ್ಟು ಹತ್ತಿರ ಇತ್ತು ಅಂತ ಆ ದಿನ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹೊಸದಾಗಿ ಈ ದೇಶಕ್ಕೆ ಬರುವ ಹುಡುಗರು ಪ್ರತಿ ವರ್ಷ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ವೀಸಾದಲ್ಲಿರುವ ನಾವು ಇಲ್ಲಿ ಗನ್ ಕೊಳ್ಳಬಹುದಾ? ಅದಕ್ಕೆ ಪೂರ್ತಿ ಬರೆದು ಇಡುತ್ತಿದ್ದೇನೆ.

ಹಿನ್ನೆಲೆ

ಅವನನ್ನು ರಘು ಅನ್ನೋಣ. ಆಗ 34 ವರ್ಷ. ಹಾಸನ ಕಡೆಯವನು. ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ಸುಮಾ, ಆರು ವರ್ಷದ ಮಗಳು. ಬಾಡಿಗೆ ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ನಾನು ಅವನಿಗಿಂತ ಹನ್ನೆರಡು ವರ್ಷ ದೊಡ್ಡವನು, ಗ್ರೀನ್ ಕಾರ್ಡ್ ಬಂದು ಕೆಲವು ವರ್ಷ ಆಗಿತ್ತು. ಕನ್ನಡ ಕೂಟದಲ್ಲಿ ಪರಿಚಯ. ಡ್ರೈವಿಂಗ್ ಲೈಸೆನ್ಸಿನಿಂದ ಹಿಡಿದು ತೆರಿಗೆ ಫಾರಂವರೆಗೆ ಏನೇ ಇದ್ದರೂ ಅವನು "ಅಣ್ಣ, ಒಂದು ನಿಮಿಷ" ಅಂತ ಫೋನ್ ಮಾಡುತ್ತಿದ್ದ. ನಾನೂ ಎಲ್ಲ ಗೊತ್ತಿರುವವನ ಹಾಗೆ ಉತ್ತರ ಕೊಡುತ್ತಿದ್ದೆ. ಈ ಕಥೆಯಲ್ಲಿ ಅದೂ ಒಂದು ಕಾರಣ.

ಹಿಂದಿನ ದೀಪಾವಳಿಯ ಹೊತ್ತಿಗೆ ಅವನ ಬೀದಿಯಲ್ಲಿ ಒಂದು ತೆಲುಗು ಸಂಸಾರದ ಮನೆ ಒಡೆದಿದ್ದರು. ಮನೆಯವರೆಲ್ಲ ದೇವಸ್ಥಾನಕ್ಕೆ ಹೋಗಿದ್ದಾಗ ಹಿಂಬಾಗಿಲು ಒದ್ದು ಒಳನುಗ್ಗಿದ್ದರು. ಟಿವಿ, ಲ್ಯಾಪ್‌ಟಾಪ್ ಯಾವುದನ್ನೂ ಮುಟ್ಟಿರಲಿಲ್ಲ. ಬೀರು, ಹಾಸಿಗೆ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆದಕಿ ಚಿನ್ನ ಮಾತ್ರ ತೆಗೆದುಕೊಂಡು ಹೋಗಿದ್ದರು. ಭಾರತದವರ ಮನೆಯಲ್ಲಿ ಚಿನ್ನ ಇರುತ್ತದೆ, ಹಬ್ಬದ ದಿನ ಲಾಕರಿನಿಂದ ಮನೆಗೆ ಬರುತ್ತದೆ ಅನ್ನೋದು ಇಲ್ಲಿನ ಕಳ್ಳರಿಗೂ ತಿಳಿದ ವಿಷಯ. ಅಕ್ಕಿ ಡಬ್ಬಿಯಲ್ಲಿ ಕೈ ಹಾಕಿ ನೋಡಿದ್ದಾರೆ ಅಂದ ಮೇಲೆ ಎಷ್ಟು ಗೊತ್ತಿರಬೇಕು ನೋಡಿ.

ಅಂದಿನಿಂದ ರಘು ರಾತ್ರಿ ಎರಡು ಸಲ ಎದ್ದು ಬಾಗಿಲು ನೋಡುತ್ತಿದ್ದ. ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ, ಇಲ್ಲೇ ಹುಟ್ಟಿ ಬೆಳೆದವನು, "ಒಂದು ಪಿಸ್ತೂಲು ಇಟ್ಟುಕೋ, ಅಷ್ಟೇ" ಅಂದಿದ್ದ. "ಗನ್ ಶೋಗೆ (ಗನ್ ಮಾರುವ ಮೇಳಕ್ಕೆ) ಹೋದರೆ ಪೇಪರ್ ಗೀಪರ್ ಏನೂ ಕೇಳೋದಿಲ್ಲ" ಅಂತಲೂ ಸೇರಿಸಿದ್ದ. ಈ ಮಾತು ಅರ್ಧ ನಿಜ. ಉಳಿದರ್ಧ ಯಾರಿಗೆ ನಿಜ, ಯಾರಿಗೆ ಅಲ್ಲ ಅನ್ನೋದನ್ನು ಅವನು ಹೇಳಲಿಲ್ಲ. ಅವನಿಗೆ ಅದು ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಆ ತಿಂಗಳ ಗಾಳಿ

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಊರಿನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳನ್ನೂ 6 ಜನ ದೊಡ್ಡವರನ್ನೂ ಒಬ್ಬ ಗುಂಡಿಟ್ಟು ಕೊಂದ. ಕೆಲವೇ ವಾರದಲ್ಲಿ, ಜನವರಿ 16ರಂದು, ಅಧ್ಯಕ್ಷ ಒಬಾಮಾ ಹೊಸ ಕಾನೂನಿನ ಪ್ರಸ್ತಾಪ ಇಟ್ಟರು. ಎಆರ್-15 ತರಹದ ರೈಫಲ್‌ಗಳಿಗೆ ನಿಷೇಧ, ಗುಂಡು ತುಂಬಿಸುವ ಮ್ಯಾಗಜೀನಿಗೆ 10 ಗುಂಡಿನ ಮಿತಿ, ಎಲ್ಲ ಮಾರಾಟಕ್ಕೂ ಹಿನ್ನೆಲೆ ತಪಾಸಣೆ.

ಹೊರಗಿನಿಂದ ಬಂದ ನಮಗೆ ಅರ್ಥವಾಗದ ವಿಷಯ ಇಲ್ಲಿದೆ. ಇಂಥ ಘಟನೆ ಆದ ಮೇಲೆ ಗನ್ ಮಾರಾಟ ಕಡಿಮೆ ಆಗುವುದಿಲ್ಲ, ಜಾಸ್ತಿಯಾಗುತ್ತದೆ. ನಾಳೆ ಸಿಗೋದಿಲ್ಲ ಅನ್ನುವ ಹೆದರಿಕೆ. ನಮ್ಮೂರಲ್ಲಿ ನಾಳೆಯಿಂದ ಪೆಟ್ರೋಲ್ ಬೆಲೆ ಏರುತ್ತದೆ ಅಂತ ಸುದ್ದಿ ಬಂದ ರಾತ್ರಿ ಬಂಕಿನ ಮುಂದೆ ಸಾಲು ನಿಲ್ಲುತ್ತದಲ್ಲ, ಹಾಗೆ. ಲೈಸೆನ್ಸ್ ಇರುವ ಅಂಗಡಿಯವರು ಮಾರುವ ಮುಂಚೆ ಎಫ್‌ಬಿಐ ನಡೆಸುವ ನಿಕ್ಸ್ ಎಂಬ ವ್ಯವಸ್ಥೆಗೆ ಫೋನ್ ಮಾಡಿ ಗಿರಾಕಿಯ ಹಿನ್ನೆಲೆ ಕೇಳಬೇಕು. ಇದು 1998ರ ನವೆಂಬರಿನಲ್ಲಿ ಶುರುವಾದದ್ದು. 2012ರ ಡಿಸೆಂಬರ್ ಒಂದೇ ತಿಂಗಳಲ್ಲಿ ಅಲ್ಲಿಗೆ 27 ಲಕ್ಷ 80 ಸಾವಿರಕ್ಕೂ ಜಾಸ್ತಿ ಕೋರಿಕೆಗಳು ಬಂದವು. ಡಿಸೆಂಬರ್ 21ರ ಒಂದೇ ದಿನ 1,77,170. ಅಲ್ಲಿಯವರೆಗೆ ಒಂದು ದಿನದಲ್ಲಿ ಅಷ್ಟು ಬಂದಿರಲೇ ಇಲ್ಲ. (2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ತಿಂಗಳ ಲೆಕ್ಕ 37 ಲಕ್ಷ ದಾಟಿತು. ಆಗ ಈ ಲೆಕ್ಕ ಸಣ್ಣದು ಅನ್ನಿಸಿತು. ಆದರೆ 2013ರಲ್ಲಿ ನಮಗೆ ಅದೇ ದೊಡ್ಡದು.)

ರಘುವಿಗೆ ಬೇಕಿದ್ದದ್ದು ಎಆರ್-15 ಅಲ್ಲ, ಸಾಧಾರಣ ಒಂದು 9 ಎಂ.ಎಂ. ಪಿಸ್ತೂಲು. ಅದನ್ನು ಯಾರೂ ನಿಷೇಧಿಸುವ ಮಾತಾಡಿರಲಿಲ್ಲ. ಆದರೂ ಅವನು ಫೋನಿನಲ್ಲಿ ಹೇಳಿದ್ದು ಹೀಗೆ: "ಅಣ್ಣ, ಈ ವಾರ ಬಿಟ್ಟರೆ ಸಿಗಲ್ಲಂತೆ." ಯಾರು ಹೇಳಿದ್ದು ಅಂತ ನಾನೂ ಕೇಳಲಿಲ್ಲ.

ಸತ್ಯ ಹೇಳಬೇಕು. ನನಗೂ ಗನ್ ಶೋಗೆ ಹೋಗುವ ಆಸೆ ಇತ್ತು. ನಮ್ಮದು ಮಲೆನಾಡು. ತೋಟದ ಮನೆಯಲ್ಲಿ ಅಜ್ಜನ ಒಂಟಿ ನಳಿಗೆ ಕೋವಿ ಗೋಡೆಗೆ ತೂಗುತ್ತಿತ್ತು. ಚುನಾವಣೆ ಬಂತು ಅಂದರೆ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಕೊಟ್ಟು, ರಸೀದಿ ತಂದು ಪಂಚಾಂಗದೊಳಗೆ ಇಡುತ್ತಿದ್ದರು. ಎಣಿಕೆ ಮುಗಿದ ಮೇಲೆ ಮತ್ತೆ ಹೋಗಿ ತರುವುದು. ಒಂದು ಕೋವಿಗೆ ಇಷ್ಟೆಲ್ಲ ಕಾಗದ ನೋಡಿ ಬೆಳೆದವನಿಗೆ, ಸಂತೆಯ ಹಾಗೆ ಗನ್ ಹರವಿ ಇಟ್ಟಿರುತ್ತಾರೆ ಅಂದರೆ ನೋಡಬೇಕು ಅನ್ನಿಸುವುದು ಸಹಜ. ಹೊರಟೆವು. ರಘುವಿನ ಕಾರಿನಲ್ಲಿ. ಈ ಕಾರಿನ ವಿಷಯ ನೆನಪಿಟ್ಟುಕೊಳ್ಳಿ.

ಸಾಲು

ಹತ್ತು ಗಂಟೆಗೆ ತಲುಪಿದಾಗ ಪಾರ್ಕಿಂಗ್ ತುಂಬಿ, ಜನ ಪಕ್ಕದ ಹುಲ್ಲಿನ ಮೇಲೆ ಕಾರು ಹತ್ತಿಸಿದ್ದರು. ಪ್ರದರ್ಶನ ಭವನವನ್ನು ಸುತ್ತಿಕೊಂಡು ಸಾಲು. ಒಳಗೆ ಹೋಗಲು ಒಂದೂವರೆ ಗಂಟೆ. ಗಡ್ಡದ ಅಜ್ಜಂದಿರು, ಸ್ಟ್ರಾಲರಿನಲ್ಲಿ ಕೂಸು ಮಲಗಿಸಿಕೊಂಡ ಗಂಡ ಹೆಂಡತಿ, ಕಾಲೇಜು ಹುಡುಗರು, ನಮ್ಮ ಹಾಗೆ ಮೊದಲ ಸಲ ಬಂದವರು ಎಷ್ಟೋ ಜನ. ಹೆಗಲ ಮೇಲೆ ರೈಫಲ್, ಅದರ ನಳಿಗೆಯ ತುದಿಗೆ ಕಡ್ಡಿ ಸಿಕ್ಕಿಸಿ ಬೆಲೆ ಬರೆದ ಚೀಟಿ. ತಮ್ಮ ಹಳೇ ಬಂದೂಕನ್ನು ತಾವೇ ಮಾರಲು ತಂದವರು ಅವರು. ಹೊರಗೆ ಸಾಲಿನಲ್ಲೇ ಎರಡು ವ್ಯಾಪಾರ ಕುದುರಿದ್ದನ್ನು ನೋಡಿದೆ.

ಬಾಗಿಲಲ್ಲಿ ಒಬ್ಬ ಪೊಲೀಸ್. ಗನ್ ತಂದವರೆಲ್ಲ ಅಲ್ಲೇ ತೋರಿಸಬೇಕು. ಅವರು ಗುಂಡು ಇಲ್ಲ ಅಂತ ಖಾತ್ರಿ ಮಾಡಿ, ಟ್ರಿಗರ್ ಎಳೆಯಲಾಗದ ಹಾಗೆ ಪ್ಲಾಸ್ಟಿಕ್ ಟೈ ಬಿಗಿದು ಒಳಗೆ ಬಿಡುತ್ತಾರೆ. ಇದು ಸುಮ್ನೆ ಶಾಸ್ತ್ರಕ್ಕೆ ಅಲ್ಲ. ಜನವರಿ 19ರ ಶನಿವಾರ ನಾರ್ತ್ ಕೆರೊಲಿನಾ, ಒಹಾಯೊ, ಇಂಡಿಯಾನಾ ಮೂರು ರಾಜ್ಯಗಳ ಗನ್ ಶೋಗಳಲ್ಲಿ ಕೈತಪ್ಪಿ ಗುಂಡು ಹಾರಿ ಒಟ್ಟು ಐದು ಜನರಿಗೆ ಗಾಯವಾಗಿತ್ತು. ನಾರ್ತ್ ಕೆರೊಲಿನಾದ್ದು ಇಂಥದೇ ಬಾಗಿಲಲ್ಲಿ, ತಪಾಸಣೆಗೆ ಅಂತ ಚೀಲದಿಂದ ಬಂದೂಕು ತೆಗೆಯುವಾಗ ಆದದ್ದು. ನಮ್ಮ ಬಾಗಿಲಿನ ಪೊಲೀಸಪ್ಪ ಅದನ್ನು ಓದಿರಬೇಕು. ಒಬ್ಬೊಬ್ಬರಿಗೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದ್ದರು, ಸಾಲಿನವರು ಗೊಣಗುತ್ತಿದ್ದರು.

ಒಂದೂವರೆ ಗಂಟೆ ಕಾದದ್ದು ನಮ್ಮೊಳಗೆ ಏನೋ ಮಾಡಿತು. ಮನೆಯಿಂದ ಹೊರಟಾಗ "ನೋಡೋಣ, ಹೇಗಿದೆ ಅಂತ" ಅಂದಿದ್ದ ರಘು, ಟಿಕೆಟ್ ಕೊಂಡು ಕೈಗೆ ಮುದ್ರೆ ಒತ್ತಿಸಿಕೊಳ್ಳುವ ಹೊತ್ತಿಗೆ "ಇಷ್ಟು ಕಾದು ಬರಿಗೈಯಲ್ಲಿ ಹೋಗೋದಾ?" ಅನ್ನುತ್ತಿದ್ದ. ತೆಗೆದುಕೊಳ್ಳಬೇಕೋ ಬೇಡವೋ ಅನ್ನುವ ಪ್ರಶ್ನೆ ಸಾಲಿನಲ್ಲೇ ಎಲ್ಲೋ ಬಿದ್ದುಹೋಗಿತ್ತು. ಒಳಗೆ ಹೋದದ್ದು ಸಿಗುತ್ತೋ ಇಲ್ಲವೋ ಅನ್ನುವ ಪ್ರಶ್ನೆ ಮಾತ್ರ.

ಒಳಗೆ

ಮೇಜುಗಳ ಸಾಲು ಸಾಲು. ಹೊಸ ಪಿಸ್ತೂಲು, ಹಳೇ ರಷ್ಯನ್ ರೈಫಲ್, ಚಾಕು, ಸೈನ್ಯದ ಕೋಟು, ಒಣಗಿಸಿದ ದನದ ಮಾಂಸ, ಅಜ್ಜಿಯೊಬ್ಬರು ಮಾರುತ್ತಿದ್ದ ಕ್ರೋಶಾ ಟೋಪಿ. ಗನ್ನೆಣ್ಣೆಯ ವಾಸನೆ ಜೊತೆಗೆ ಪಾಪ್‌ಕಾರ್ನ್ ವಾಸನೆ. ಅಜ್ಜನ ಕೋವಿಗೆ ವರ್ಷಕ್ಕೊಮ್ಮೆ ಎಣ್ಣೆ ಒರೆಸುತ್ತಿದ್ದದ್ದು ನೆನಪಾಯಿತು.

ಬೆಲೆಗಳು ಹುಚ್ಚೆದ್ದಿದ್ದವು. 15 ಡಾಲರಿನ ಪ್ಲಾಸ್ಟಿಕ್ ಮ್ಯಾಗಜೀನಿಗೆ 50. ಒಂದು ಮೇಜಿನಲ್ಲಿ ಎಆರ್-15ರ ಬೆಲೆ ಚೀಟಿಯ ಮೇಲೆ ಮೂರು ಸಲ ಹೊಡೆದು ಬರೆದಿದ್ದರು. ನಾವು ಅಲ್ಲಿಂದ ಸುತ್ತು ಹಾಕಿ ವಾಪಸ್ ಬರುವ ಹೊತ್ತಿಗೆ ನಾಲ್ಕನೇ ಅಂಕಿ ಇತ್ತು, ಆಮೇಲೆ ಚೀಟಿಯೂ ಇಲ್ಲ ರೈಫಲ್ಲೂ ಇಲ್ಲ. ಗುಂಡು ಮಾರುವವರ ಮುಂದೆ ಅತಿ ಜಾಸ್ತಿ ಜನ. "ಒಬ್ಬರಿಗೆ ಎರಡೇ ಡಬ್ಬಿ" ಅಂತ ರಟ್ಟಿನ ಮೇಲೆ ಬರೆದಿದ್ದರು.

ಆ ರಟ್ಟು ನೋಡಿದ ಮೇಲೆ ನಾನೊಂದು ಕೆಲಸ ಮಾಡಿದೆ. .22 ಅನ್ನುವ ಸಣ್ಣ ಅಳತೆಯ 500 ಗುಂಡುಗಳ ಡಬ್ಬಿ, ಮಾಮೂಲಿ ದಿನಗಳಲ್ಲಿ 20-25 ಡಾಲರ್, ಅಲ್ಲಿ 65. ಕೊಂಡೆ. ನನ್ನ ಹತ್ತಿರ ಗನ್ ಇರಲಿಲ್ಲ. ಇವತ್ತಿಗೂ ಇಲ್ಲ. ಯಾಕೆ ಕೊಂಡೆ ಅಂತ ಕೇಳಿದರೆ ಹೇಳಲು ಇರುವುದು ಒಂದೇ: ನನ್ನ ಹಿಂದೆ ನಿಂತವನು ಅದನ್ನೇ ನೋಡುತ್ತಿದ್ದ. ರಘುವಿಗೆ ಬುದ್ಧಿ ಹೇಳಲು ಬಂದ ಹಿರಿಯ ನಾನು.

ಮೊದಲ ತಡೆ: ಒಂದು ಫಾರಂ

ರಘು ಒಂದು ದೊಡ್ಡ ಮೇಜಿನ ಮುಂದೆ ನಿಂತ. ಲೈಸೆನ್ಸ್ ಇರುವ ವ್ಯಾಪಾರಿ. ಗನ್ ಶೋ ಅಂದರೂ ಇಂಥವರು ಅಂಗಡಿಯಲ್ಲಿ ಮಾಡುವ ಎಲ್ಲವನ್ನೂ ಇಲ್ಲೂ ಮಾಡಲೇಬೇಕು. ಹಿಂದೆ ಮಡಚುವ ಕುರ್ಚಿಗಳಲ್ಲಿ ಹತ್ತು ಹನ್ನೆರಡು ಜನ ಕುಳಿತಿದ್ದರು, ನಿಕ್ಸ್‌ನಿಂದ ಉತ್ತರ ಬರಲಿ ಅಂತ. ಉತ್ತರ ಮೂರು ತರಹ: ಕೊಡಬಹುದು, ತಡ, ಕೊಡಬಾರದು. ತಡ ಅಂದರೆ ಮೂರು ಕೆಲಸದ ದಿನ ಕಾಯಬೇಕು. ಅಷ್ಟರಲ್ಲಿ ಉತ್ತರ ಬರದಿದ್ದರೆ ಮಾರುವುದು ಬಿಡುವುದು ವ್ಯಾಪಾರಿಯ ಇಷ್ಟ. ಅವತ್ತು ಫೋನ್ ಲೈನೇ ಸಿಗುತ್ತಿರಲಿಲ್ಲ. ಒಬ್ಬ ಹುಡುಗ ಫೋನನ್ನು ಸ್ಪೀಕರಿನಲ್ಲಿಟ್ಟು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

ರಘು ಪಿಸ್ತೂಲು ಆರಿಸಿದ. ಕೈಯಲ್ಲಿ ಹಿಡಿದು ತೂಕ ನೋಡಿದ. ವ್ಯಾಪಾರಿಯ ಹೆಂಡತಿಯೋ ಅಕ್ಕನೋ, ಒಬ್ಬ ಹೆಂಗಸು, 4473 ನಂಬರಿನ ಫಾರಂ ಕೊಟ್ಟು ತುಂಬಿಸಲು ಹೇಳಿದರು. ಹೆಸರು, ವಿಳಾಸ, ಹುಟ್ಟಿದ ದಿನ. ಆಮೇಲೆ ಹೌದು ಇಲ್ಲ ಪ್ರಶ್ನೆಗಳು. ಅಪರಾಧ ಮಾಡಿದ್ದೀರಾ, ಮಾದಕ ವಸ್ತು ಉಂಟಾ. ರಘು ಚಕಚಕ ಗುರುತು ಹಾಕುತ್ತಾ ಹೋದ. ನಾನ್-ಇಮಿಗ್ರೆಂಟ್ (ಖಾಯಂ ನೆಲೆಸಲು ಅಲ್ಲ, ಕೆಲ ಕಾಲಕ್ಕೆ ಬಂದವರು) ಅನ್ನುವ ಪದ ಬಂದ ಕಡೆ ಪೆನ್ನು ನಿಂತಿತು.

"ಅಣ್ಣ, ಇದು ನಾನೇ ಅಲ್ವಾ?"

ಎಚ್-1ಬಿ ನಾನ್-ಇಮಿಗ್ರೆಂಟ್ ವೀಸಾನೇ. ಅವನು ಆ ಹೆಂಗಸನ್ನು ಕೇಳಿದ. ಅವರು ಫಾರಂ ಮೆಲ್ಲಗೆ ವಾಪಸ್ ಎಳೆದುಕೊಂಡು, ಅಷ್ಟೇ ಮೆಲ್ಲಗೆ ಪಿಸ್ತೂಲನ್ನೂ ಎತ್ತಿಟ್ಟರು. "ಬೇಟೆ ಲೈಸೆನ್ಸ್ ಇದೆಯಾ? ಇಲ್ಲದಿದ್ದರೆ ನಾನು ಕೊಡೋಕೆ ಆಗಲ್ಲಪ್ಪ" ಅನ್ನುವ ಅರ್ಥದ ಮಾತು ಹೇಳಿ ಮುಂದಿನವರನ್ನು ಕರೆದರು. ಬೈಯಲಿಲ್ಲ, ಅನುಮಾನ ಪಡಲಿಲ್ಲ. ಅವತ್ತು ನಮಗೆ ಸರಿಯಾದ ಮಾತು ಹೇಳಿದ ಮೊದಲನೆಯವರು ಅವರೇ.

ಕೇಂದ್ರ ಕಾನೂನು ಇಷ್ಟು. ನಾನ್-ಇಮಿಗ್ರೆಂಟ್ ವೀಸಾದಲ್ಲಿ ಬಂದವರು ಗನ್ ಆಗಲಿ ಗುಂಡಾಗಲಿ ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಅನ್ವಯಿಸುವುದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಆಗ ಇದಕ್ಕೆ ಶಿಕ್ಷೆ 10 ವರ್ಷದವರೆಗೆ. 2022ರಲ್ಲಿ ಬಂದ ಕಾನೂನು ಅದನ್ನು 15 ವರ್ಷಕ್ಕೆ ಏರಿಸಿತು.

ಎರಡನೆಯದು: "ಅಣ್ಣ, ನಿಮ್ಮ ಹೆಸರಲ್ಲಿ..."

ಕಾಫಿ ಮಾರುವ ಮೂಲೆಯಲ್ಲಿ ನಿಂತೆವು. ರಘು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಅಣ್ಣ, ನಿಮಗೆ ಗ್ರೀನ್ ಕಾರ್ಡ್ ಇದೆಯಲ್ಲ. ನಿಮ್ಮ ಹೆಸರಲ್ಲಿ ತಗೊಳ್ಳಿ. ದುಡ್ಡು ನಾನು ಕೊಡ್ತೀನಿ. ಹೇಗೂ ನಮ್ಮನೆಯಲ್ಲೇ ಇರುತ್ತೆ."

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗಿ ನೋಡುವುದು ಈ ಜಾಗವನ್ನು. ನನಗೆ ಅದು ಕೆಟ್ಟ ಮಾತು ಅನ್ನಿಸಲೇ ಇಲ್ಲ. ಸಹಾಯ ಕೇಳುತ್ತಿದ್ದಾನೆ ಅನ್ನಿಸಿತು. ನಮ್ಮಲ್ಲಿ ಹೆಸರು ಕೊಡುವುದು ಅಂದರೆ ಅಷ್ಟೇ ತಾನೆ? ತಮ್ಮನ ಹೆಸರಲ್ಲಿ ಸಿಮ್ ಕಾರ್ಡ್, ಭಾವನ ಹೆಸರಲ್ಲಿ ಬೈಕು, ಪಕ್ಕದ ಮನೆಯವರ ಹೆಸರಲ್ಲಿ ಎರಡನೇ ಗ್ಯಾಸ್ ಸಿಲಿಂಡರ್. ಚೀಟಿಗೆ ಜಾಮೀನು ಹಾಕು ಅಂದರೆ ಹಾಕುತ್ತೇವೆ. ಇಲ್ಲ ಅಂದವನು ಜಿಪುಣ, ಮನುಷ್ಯತ್ವ ಇಲ್ಲದವನು. ಈ ಲೆಕ್ಕದಲ್ಲಿ ಬೆಳೆದ ನಾನು ಆ ಕಾಫಿ ಮೂಲೆಯಲ್ಲಿ ಹೂಂ ಅನ್ನಲು ಒಂದು ಗುಟುಕು ದೂರದಲ್ಲಿದ್ದೆ. ಪರ್ಸಿಗೆ ಕೈ ಹಾಕಿದ್ದೆ. ಇದು ಉತ್ಪ್ರೇಕ್ಷೆ ಅಲ್ಲ.

ನಿಲ್ಲಿಸಿದ್ದು ನನ್ನ ವಿವೇಕ ಅಲ್ಲ. ರಘು ತುಂಬುತ್ತಿದ್ದ ಫಾರಂ ನಾನೂ ಭುಜದ ಮೇಲಿಂದ ಓದಿದ್ದೆ. ಹೌದು ಇಲ್ಲ ಪ್ರಶ್ನೆಗಳಲ್ಲಿ ಮೊದಲನೆಯದೇ ಇದು: ಈ ಗನ್ನಿನ ನಿಜವಾದ ಖರೀದಿದಾರ ನೀವೇನಾ? ಕೆಳಗೆ ಎಚ್ಚರಿಕೆ: ಬೇರೆಯವರ ಪರವಾಗಿ ಕೊಳ್ಳುತ್ತಿದ್ದರೆ ನೀವು ನಿಜವಾದ ಖರೀದಿದಾರ ಅಲ್ಲ. ಸಿಮ್ ಕಾರ್ಡಿನ ಫಾರಂ ಯಾವತ್ತೂ ಇದನ್ನು ಇಷ್ಟು ಸೀದಾ ಕೇಳಿರಲಿಲ್ಲ.

"ರಘು, ಅದರಲ್ಲಿ ಸುಳ್ಳಿಗೆ ಸಹಿ ಹಾಕಬೇಕಾಗುತ್ತೆ ಕಣೋ" ಅಂದೆ. ಅವನ ಮುಖ ಸಣ್ಣದಾಯಿತು. ನನಗೂ ಕಸಿವಿಸಿ. ಅವನ ಮದುವೆಗೆ ಹಾಸನಕ್ಕೆ ಹೋಗಿ ಬಂದಿದ್ದವನು ನಾನು.

ಇದಕ್ಕೆ ಇಲ್ಲಿ ಸ್ಟ್ರಾ ಪರ್ಚೇಸ್ ಅನ್ನುತ್ತಾರೆ. ಮರುವರ್ಷ, 2014ರಲ್ಲಿ, ಸುಪ್ರೀಂ ಕೋರ್ಟಿನ ಒಂದು ತೀರ್ಪು ಓದಿದಾಗ ನನಗೆ ಬೆವರು ಬಂತು. ಅಬ್ರಾಮ್ಸ್ಕಿ ಪ್ರಕರಣ ಅಂತ. ವರ್ಜೀನಿಯಾದ ಒಬ್ಬ ಮಾಜಿ ಪೊಲೀಸ್ ತನ್ನ ಚಿಕ್ಕಪ್ಪನಿಗಾಗಿ ಗ್ಲಾಕ್ ಪಿಸ್ತೂಲು ಕೊಂಡಿದ್ದ. ಆ ಚಿಕ್ಕಪ್ಪನಿಗೆ ಗನ್ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಫಾರಂನಲ್ಲಿ ತಾನೇ ಖರೀದಿದಾರ ಅಂತ ಬರೆದದ್ದು ಅಪರಾಧವೇ ಅಂತ 5-4 ಬಹುಮತದಲ್ಲಿ ತೀರ್ಪಾಯಿತು. ಕೊಳ್ಳಬಹುದಾದವನಿಗೆ ಕೊಡಿಸಿದ್ದಕ್ಕೇ ಹಾಗೆ. ನಮ್ಮದರಲ್ಲಿ ರಘು ಕೊಳ್ಳಬಾರದವನು.

ಮೂರನೆಯದು: ಅಜ್ಜನ ಒಂದು ಪ್ರಶ್ನೆ

ಹೊರಡೋಣ ಅಂತ ಬಾಗಿಲ ಕಡೆ ನಡೆದೆವು. ಕೊನೆಯ ಸಾಲಿನಲ್ಲಿ ಎಪ್ಪತ್ತರ ಮೇಲಿನ ಒಬ್ಬ ಅಜ್ಜ, ಕೈಯಲ್ಲಿ ಹಳೇ ರಿವಾಲ್ವರ್ ಇಟ್ಟ ಚರ್ಮದ ಪೆಟ್ಟಿಗೆ. ವ್ಯಾಪಾರಿಯಲ್ಲ, ತನ್ನ ಸ್ವಂತದ್ದು ಮಾರುತ್ತಿರುವವರು. 450 ಡಾಲರ್, ನಗದು. ಫಾರಂ ಇಲ್ಲ, ಫೋನ್ ಇಲ್ಲ. ಟೆಕ್ಸಾಸಿನಲ್ಲಿ ಇಬ್ಬರು ನಿವಾಸಿಗಳ ನಡುವಿನ ಖಾಸಗಿ ಮಾರಾಟಕ್ಕೆ ಹಿನ್ನೆಲೆ ತಪಾಸಣೆ ಬೇಕಿಲ್ಲ. ಸಹೋದ್ಯೋಗಿ ಹೇಳಿದ್ದು ಇದನ್ನೇ. ರಘು ನಿಂತುಬಿಟ್ಟ. ಜೇಬಿನಲ್ಲಿ 600 ಡಾಲರ್ ಇತ್ತು.

ನಾನು ತಡೆದೆನಾ? ಇಲ್ಲ. ಇದು ಬೇರೆ ದಾರಿ ಇರಬಹುದು, ಇದಕ್ಕೆ ಆ ನಿಯಮ ಇಲ್ಲದಿರಬಹುದು ಅಂತ ನನ್ನ ತಲೆಯಲ್ಲೂ ಓಡಿತು. ತಪಾಸಣೆ ಇಲ್ಲ ಅನ್ನುವುದನ್ನು ತಡೆ ಇಲ್ಲ ಅಂತ ನಾವಿಬ್ಬರೂ ಓದಿಕೊಂಡೆವು. ಎರಡೂ ಬೇರೆ ಬೇರೆ. ಕೇಳುವವರು ಇಲ್ಲದಿದ್ದರೂ ರಘು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಹಾಗೇ ಇತ್ತು.

ಅಜ್ಜ ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸ್ ನೋಡಿದರು. ತಲೆಯಾಡಿಸಿದರು. ಆಮೇಲೆ ಸಹಜವಾಗಿ, ಹವಾಮಾನ ವಿಚಾರಿಸುವ ದನಿಯಲ್ಲಿ, ನಿನಗೆ ಗನ್ ಇಟ್ಟುಕೊಳ್ಳೋಕೆ ಅಡ್ಡಿ ಏನೂ ಇಲ್ಲ ತಾನೆ ಮಗಾ, ಅಂತ ಕೇಳಿದರು.

ಇಲ್ಲ ಅಂದಿದ್ದರೆ ಮುಗಿದಿತ್ತು. ರಘು ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಒಂದೆರಡು ಸೆಕೆಂಡು ಅಜ್ಜನ ಮುಖ ನೋಡಿದ, ಅಷ್ಟೇ. ಅಜ್ಜ ಪೆಟ್ಟಿಗೆಯ ಮುಚ್ಚಳ ಹಾಕಿದರು. ಅಡ್ಡಿ ಇದೆ ಅಂತ ಅನುಮಾನಕ್ಕೆ ಕಾರಣ ಇದ್ದೂ ಮಾರಿದರೆ ಮಾರಿದವನಿಗೂ ಶಿಕ್ಷೆ. ಅದು ಆ ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ. ರಘುವಿನ ಬೆನ್ನು ತಟ್ಟಿ ಪಕ್ಕದವನ ಕಡೆ ತಿರುಗಿದರು.

ಹೊರಗೆ ಬಂದ ಮೇಲೆ ಕೇಳಿದೆ, ಯಾಕೆ ಸುಮ್ಮನಾದೆ ಅಂತ. "ನಮ್ಮ ತಾತನ ತರಾನೇ ಇದ್ರು ಅಣ್ಣ. ಬಾಯಿಗೆ ಬರ್ಲಿಲ್ಲ" ಅಂದ.

ಆಮೇಲೆ

ಮನೆಗೆ ಬಂದಾಗ ಸುಮಾ ಚಿತ್ರಾನ್ನ ಮಾಡಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು ಗಂಡನಿಗೆ ಒಂದೇ ಪ್ರಶ್ನೆ ಕೇಳಿದರು: "ಮಗು ಕೈಗೆ ಸಿಗಬಾರದು ಅಂದ್ರೆ ಬೀಗ ಹಾಕಿ ಇಡ್ತೀರಿ. ರಾತ್ರಿ ಕಳ್ಳ ಬಂದ್ರೆ ಆ ಬೀಗದಕೈ ನೀವು ಹುಡುಕ್ತೀರಾ? ಟಿವಿ ರಿಮೋಟೇ ಸಿಗಲ್ಲ ರೀ ನಿಮಗೆ." ಒಂದೂವರೆ ಗಂಟೆ ಸಾಲಿನಲ್ಲಿ ನಿಂತ ಇಬ್ಬರು ಗಂಡಸರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹೋಗುವ ಮುಂಚೆ ಅವರನ್ನು ಕೇಳಿಯೂ ಇರಲಿಲ್ಲ. "ಸ್ವಲ್ಪ ಹೊರಗೆ ಹೋಗಿ ಬರ್ತೀವಿ" ಅಂದಿದ್ದೆವು.

ಹತ್ತು ದಿನದ ನಂತರ ರಘು ದುಡ್ಡು ಕೊಟ್ಟು ಒಬ್ಬ ವಲಸೆ ವಕೀಲರನ್ನು ನೋಡಿದ. ಅರ್ಧ ಗಂಟೆ. ನಾನೂ ಜೊತೆಗೆ ಹೋಗಿದ್ದೆ. ಬೇಟೆ ಲೈಸೆನ್ಸ್ ದಾರಿ ಇದೆ, ಕಾನೂನುಬದ್ಧವೇ ಅಂದರು. ಟೆಕ್ಸಾಸ್ ನಿವಾಸಿಗೆ 25 ಡಾಲರ್. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಸುರಕ್ಷತೆಯ ಕೋರ್ಸ್ ಕೂಡ ಉಂಟು. ಆದರೆ ಲೈಸೆನ್ಸ್ ಪ್ರತಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರ ಬೆಳಿಗ್ಗೆ ನವೀಕರಿಸಲು ಮರೆತಿದ್ದು, ಬೀರುವಿನಲ್ಲಿ ಪಿಸ್ತೂಲು ಇದ್ದರೆ, ಮತ್ತೆ ಅದೇ ಅಪರಾಧ. ಮೊಟ್ಟೆ ಕೂಡ ತಿನ್ನದ ರಘು ಬೇಟೆ ಲೈಸೆನ್ಸಿನ ಮಾತು ಕೇಳುತ್ತಾ ಕೂತದ್ದು ಈಗಲೂ ನೆನೆಸಿಕೊಂಡರೆ ನಗು ಬರುತ್ತದೆ.

ಗನ್ನಿಗೆ ಸಂಬಂಧಿಸಿದ ಅಪರಾಧ ಅಂದರೆ ಗಡೀಪಾರಿಗೆ ಅದೇ ಸ್ವತಂತ್ರ ಕಾರಣ ಅಂತಲೂ ಹೇಳಿದರು. ಗ್ರೀನ್ ಕಾರ್ಡ್ ಇದ್ದವರಿಗೂ. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಿದರು. ಕಾಫಿ ಮೂಲೆಯ ಕಥೆಯನ್ನು ನಾವು ಆಗಲೇ ಹೇಳಿದ್ದೆವು.

ಹೊರಡುವಾಗ ನಾನು ಸುಮ್ನೆ ತಮಾಷೆಗೆ ನನ್ನ 65 ಡಾಲರಿನ ಡಬ್ಬಿಯ ವಿಷಯ ಎತ್ತಿದೆ. ವಕೀಲರು ನಗಲಿಲ್ಲ. "ಅದು ಈಗ ಎಲ್ಲಿದೆ?" ಅಂದರು.

ರಘುವಿನ ಕಾರಿನ ಡಿಕ್ಕಿಯಲ್ಲಿತ್ತು. ಶನಿವಾರ ಇಳಿಸಿಕೊಳ್ಳಲು ಮರೆತಿದ್ದೆ. ಹತ್ತು ದಿನ ಅವನು ಅದನ್ನು ಆಫೀಸಿಗೂ, ಮಗಳ ಶಾಲೆಯ ಮುಂದಕ್ಕೂ, ದೇವಸ್ಥಾನಕ್ಕೂ ಹೊತ್ತು ತಿರುಗಿದ್ದ. ವಕೀಲರ ಆಫೀಸಿಗೆ ಬಂದದ್ದೂ ಅದೇ ಕಾರಿನಲ್ಲಿ. ಡಬ್ಬಿ ನನ್ನದು, ಅವನದಲ್ಲ ಅಂತ ವಾದ ಮಾಡಬಹುದು ಅಂದರು ವಕೀಲರು. ಇಟ್ಟುಕೊಳ್ಳುವುದು ಅಂದರೆ ಸ್ವಂತದ್ದೇ ಆಗಬೇಕಿಲ್ಲ, ಗೊತ್ತಿದ್ದೂ ತನ್ನ ಹಿಡಿತದಲ್ಲಿ ಇಟ್ಟುಕೊಂಡರೆ ಸಾಕು. ಆ ವಾದ ಜಡ್ಜ್ ಮುಂದೆ ಮಾಡುವ ಪರಿಸ್ಥಿತಿ ತಂದುಕೊಳ್ಳೋದು ಯಾಕೆ ಅಂತ ಕೇಳಿದರು. ವಾಪಸ್ ಹೋಗುವಾಗ ನಾನು ಟ್ಯಾಕ್ಸಿ ಹಿಡಿದೆ, ತೊಡೆಯ ಮೇಲೆ ಆ ಡಬ್ಬಿ ಇಟ್ಟುಕೊಂಡು. ಕಲ್ಲಿನಷ್ಟು ಭಾರ.

ನನಗೆ ಕಂಡದ್ದು

ಹಿಂತಿರುಗಿ ನೋಡಿದರೆ, ರಘುವನ್ನು ಉಳಿಸಿದ್ದು ಮೂವರು: ಫಾರಂ ಎಳೆದುಕೊಂಡ ಹೆಂಗಸು, ಪೆಟ್ಟಿಗೆ ಮುಚ್ಚಿದ ಅಜ್ಜ, ರಿಮೋಟಿನ ಮಾತಾಡಿದ ಸುಮಾ. ಸಹಾಯಕ್ಕೆ ಅಂತ ಹೋದ ನಾನು ಆ ಪಟ್ಟಿಯಲ್ಲಿ ಇಲ್ಲ. ನನ್ನಿಂದ ಆದದ್ದು ಅವನ ಡಿಕ್ಕಿಗೆ 500 ಗುಂಡು.

ಎಚ್-1ಬಿಯವರು ಗನ್ ಕೊಳ್ಳಬಹುದಾ ಅನ್ನುವುದನ್ನು ಶುಕ್ರವಾರ ರಾತ್ರಿ ಹುಡುಕಿದ್ದರೆ ಇಪ್ಪತ್ತು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ನಾವು ಹುಡುಕಿದ್ದು ಪಾರ್ಕಿಂಗ್ ಎಲ್ಲಿ, ಟಿಕೆಟ್ ಎಷ್ಟು, ಯಾವ ಪಿಸ್ತೂಲಿಗೆ ಯಾವ ಬೆಲೆ ಅಂತ. ವೀಸಾ ವಿಷಯದಲ್ಲಿ ಒಂದು ಕಾಗದ ತಪ್ಪಬಾರದು ಅಂತ ಒದ್ದಾಡುವ ಜನ ನಾವು. ಆದರೂ ಅವತ್ತು ಅದು ತಲೆಗೆ ಬರಲಿಲ್ಲ, ಯಾಕೆಂದರೆ ಎಲ್ಲರೂ ಕೊಳ್ಳುತ್ತಿದ್ದರು.

ಕೆಲವು ವರ್ಷಗಳ ನಂತರ ಫ್ಲೋರಿಡಾದ ಒಂದು ಪ್ರಕರಣ ಸುದ್ದಿಯಾಯಿತು. ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದ ಒಬ್ಬ ಯುವಕನನ್ನು ವಿಶ್ವವಿದ್ಯಾಲಯ ತೆಗೆದುಹಾಕಿತ್ತು. ಅದರ ಜೊತೆ ಇಲ್ಲಿರುವ ಹಕ್ಕೂ ಹೋಗಿತ್ತು. ಅವನು ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹಾರಿಸಿದ, ಒಂದು ಡಬ್ಬಿ ಗುಂಡು ಕೊಂಡ. 18 ತಿಂಗಳ ಶಿಕ್ಷೆ. 2019ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಹೇಳಿದ್ದು: ತಾನು ಯಾವ ಸ್ಥಿತಿಯಲ್ಲಿದ್ದೇನೆ ಅಂತ ಅವನಿಗೆ ಗೊತ್ತಿತ್ತು ಅನ್ನುವುದನ್ನೂ ಸರ್ಕಾರ ಸಾಬೀತು ಮಾಡಬೇಕು. ರಘುವಿಗೆ ಇದರಿಂದ ಉಪಯೋಗ ಇಲ್ಲ. ತಾನು ಎಚ್-1ಬಿ ಅನ್ನುವುದು ಅವನಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಹೊಸ ಹುಡುಗರು ವಾರಾಂತ್ಯಕ್ಕೆ ರೇಂಜಿಗೆ ಹೋಗಿ ಬಾಡಿಗೆ ಗನ್ ಹಿಡಿದು ಫೋಟೋ ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಅದಕ್ಕೂ ಇದೇ ನಿಯಮ.

ಇನ್ನು ಆ ನೂಕುನುಗ್ಗಲು. 2013ರ ಏಪ್ರಿಲ್ 17ರಂದು ತಪಾಸಣೆ ವಿಸ್ತರಿಸುವ ತಿದ್ದುಪಡಿ ಸೆನೆಟಿನಲ್ಲಿ 54-46 ಮತ ಪಡೆದೂ ಬಿದ್ದುಹೋಯಿತು, ಬೇಕಿದ್ದದ್ದು 60. ರೈಫಲ್ ನಿಷೇಧವೂ ಬಿತ್ತು. ನಾಳೆ ಸಿಗಲ್ಲ ಅಂದಿದ್ದೆಲ್ಲ ಸಿಕ್ಕಿತು, ಬೆಲೆಗಳೂ ಇಳಿದವು. .22 ಗುಂಡು ಮಾತ್ರ ಬಹಳ ದಿನ ಅಂಗಡಿಯಲ್ಲಿ ಕಾಣಲಿಲ್ಲ. ನನ್ನ ಡಬ್ಬಿಯನ್ನು ಕೊನೆಗೆ ನಮ್ಮ ಬೀದಿಯ ಹಿರಿಯರೊಬ್ಬರು, ಮೊಮ್ಮಗನಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದವರು, ಕೇಳಿ ತೆಗೆದುಕೊಂಡರು. 20 ಡಾಲರ್ ಕೊಟ್ಟರು. 45 ಡಾಲರ್ ನಷ್ಟ. ವಕೀಲರ ಫೀಸು ಲೆಕ್ಕಕ್ಕೆ ಹಿಡಿದಿಲ್ಲ.

ರಘು ಗನ್ ಕೊಳ್ಳಲಿಲ್ಲ. ಚಿನ್ನ ಬ್ಯಾಂಕಿನ ಲಾಕರಿಗೆ ಹೋಯಿತು, ಹಬ್ಬಕ್ಕೂ ಬರುವುದಿಲ್ಲ. ಸುಮಾ ಹಬ್ಬಕ್ಕೆ ಹಾಕಿಕೊಳ್ಳುವುದು ಗಿಲೀಟು. ಹಿಂಬಾಗಿಲಿಗೆ ಉದ್ದ ಸ್ಕ್ರೂ ಹಾಕಿ ಚೌಕಟ್ಟು ಭದ್ರ ಮಾಡಿಸಿದರು, ಅಲಾರಂ, ಎರಡು ಕ್ಯಾಮೆರಾ. ದೇವಸ್ಥಾನದಲ್ಲಿ ನಡೆದ ಒಂದು ಸಭೆಗೆ ಬಂದಿದ್ದ ಪೊಲೀಸ್ ಅಧಿಕಾರಿಯೊಬ್ಬರು ಒಂದು ಮಾತು ಹೇಳಿದ್ದರು: ಬಾಗಿಲ ಹೊರಗೆ ರಾಶಿ ಚಪ್ಪಲಿ ಕಂಡರೆ ಅದು ಯಾರ ಮನೆ ಅಂತ ಬೀದಿಯಲ್ಲಿ ಹೋಗುವ ಎಲ್ಲರಿಗೂ ಗೊತ್ತಾಗುತ್ತದೆ. ಬೇಲಿಗಿಂತ, ಬೀಗಕ್ಕಿಂತ ರಘುವಿನ ಮನಸ್ಸಿಗೆ ನಾಟಿದ್ದು ಅದೊಂದೇ.

ಮೊನ್ನೆ ಅವರ ಮಗಳ ಪಿಯುಸಿ ಮುಗಿದ ಊಟಕ್ಕೆ ಹೋಗಿದ್ದೆ. ಇಲ್ಲಿ ಹೈಸ್ಕೂಲ್ ಅನ್ನುತ್ತಾರೆ, ನನ್ನ ಬಾಯಿಗೆ ಪಿಯುಸಿಯೇ ಬರುತ್ತದೆ. ರಘು ಬಾಗಿಲು ತೆಗೆದ. ಬನ್ನಿ ಅನ್ನುವ ಮುಂಚೆಯೇ ನನ್ನ ಕಾಲ ಕಡೆ ನೋಡಿ ಅಂದ, "ಅಣ್ಣ, ಚಪ್ಪಲಿ ಒಳಗೇ ಬಿಡಿ."